ನೀರಿನ ಬಾಟಲಿಗೆ ಹಾಕಿದ ಹನಿಗಳು

ಎಂಡೋಸ್ಕೋಪಿ ವಿಭಾಗಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಒಂದು ಮಾತನ್ನು ಹೇಳಿಕೊಡುತ್ತಾರೆ: ಸ್ಕೋಪನ್ನು ಔಷಧದ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು ಮುಳುಗಿಸಿಟ್ಟರೆ ಅದರಲ್ಲಿ ಏನೂ ಬದುಕಿರುವುದಿಲ್ಲ. ಈಚೆಗೆ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಒಮ್ಮೆ ಬಳಸಿ ಎಸೆಯುವ ಸ್ಕೋಪ್ ಬಂದಿದೆ, ಇನ್ನು ತೊಳೆಯುವ ತಲೆನೋವೇ ಇಲ್ಲ. ನಾನು ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ಸ್ಕೋಪ್ ತೊಳೆದು ನಿವೃತ್ತನಾದವನು. ಈ ಎರಡು ಮಾತುಗಳನ್ನೂ ನಾನು ಪೂರ್ತಿಯಾಗಿ ನಂಬುವುದಿಲ್ಲ. ಮೂರನೆಯದೊಂದನ್ನು ಮಾತ್ರ ಬಹಳ ಕಾಲ ನಂಬಿದ್ದೆ. ಅದನ್ನು ಹೇಳಿದವನು ನಾನೇ ಆಗಿದ್ದರಿಂದ ಅದರ ಮೇಲೆ ಸಂಶಯ ಹುಟ್ಟಲಿಲ್ಲ. ಆ ನಂಬಿಕೆ ಹೇಗೆ ಹೋಯಿತು, ಹೋದ ಮೇಲೆ ಮನಸ್ಸು ಎಷ್ಟು ಹಗುರವಾಯಿತು ಎಂಬುದನ್ನು ಈ ಕೆಲಸಕ್ಕೆ ಬರುವ ಕಿರಿಯರಿಗಾಗಿ ಬರೆದಿಡುತ್ತಿದ್ದೇನೆ.

ಕೆಲಸ ಏನೆಂಬುದನ್ನು ಮೊದಲು ಹೇಳಬೇಕು. ಸ್ಕೋಪ್ ಎಂದರೆ ಬೆರಳುಗಾತ್ರದ, ಬಳುಕುವ ಉದ್ದನೆಯ ಕಪ್ಪು ಕೊಳವೆ. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ಅದನ್ನು ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿ ವೈದ್ಯರು ಪರದೆಯ ಮೇಲೆ ಒಳಗನ್ನು ನೋಡುತ್ತಾರೆ. ಕೊಳವೆಯೊಳಗೆ ಉದ್ದಕ್ಕೂ ಸಣ್ಣ ನಳಿಕೆಗಳಿವೆ; ಅವುಗಳ ಮೂಲಕ ನೀರು, ಗಾಳಿ, ತಂತಿಯಂಥ ಉಪಕರಣಗಳು ಹೋಗುತ್ತವೆ. ಬೆಳಿಗ್ಗೆ ಒಬ್ಬರ ಹೊಟ್ಟೆಯಿಂದ ಹೊರಬಂದ ಸ್ಕೋಪ್ ಗಂಟೆ ಕಳೆದ ಮೇಲೆ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ನಡುವಿನ ಆ ಒಂದು ಗಂಟೆ ನಮ್ಮದು. ಹೊರಮೈಯನ್ನು ಯಾರು ಬೇಕಾದರೂ ತೊಳೆಯಬಹುದು. ಕಣ್ಣಿಗೆ ಕಾಣದ ಒಳನಳಿಕೆಯನ್ನು ತೊಳೆಯುವುದೇ ಕೆಲಸ, ಮತ್ತು ಅದು ಸ್ವಚ್ಛವಾಯಿತೆಂದು ತಿಳಿಯುವುದು ಹೇಗೆ ಎಂಬುದೇ ಮೂವತ್ತಮೂರು ವರ್ಷವೂ ನನ್ನನ್ನು ಕಾಡಿದ ಪ್ರಶ್ನೆ.

ಮರ್ಫಿ ಟೌನಿನಲ್ಲಿ ಬೆಳೆದ ನಾನು ಹತ್ತನೆಯ ತರಗತಿಗೆ ಶಾಲೆ ಬಿಟ್ಟು ವಾರ್ಡಿನಲ್ಲಿ ಆಳಾಗಿ ಸೇರಿದೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತೆಂಬುದನ್ನು ಬಿಟ್ಟುಬಿಡುತ್ತೇನೆ. ಹುದ್ದೆಯ ಹೆಸರು ಬದಲಾದರೂ ಕೈಯಲ್ಲಿದ್ದ ಬ್ರಶ್ಶು ಬದಲಾಗಲಿಲ್ಲ. ಎಂಡೋಸ್ಕೋಪಿ ಕೋಣೆಗೆ ನನ್ನನ್ನು ಹಾಕಿದಾಗ ಅಲ್ಲಿನ ಮೇಲ್ವಿಚಾರಕಿ ಫಿಲೋಮಿನಾ ಸಿಸ್ಟರ್. ಸ್ಕೋಪಿನ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಯಾರೂ ಓದುತ್ತಿರಲಿಲ್ಲ. ಅವರ ಅನುಮತಿ ಪಡೆದು ಅದನ್ನು ಹಲಸೂರಿನ ವಾಚನಾಲಯಕ್ಕೆ ಒಯ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೊಂದು ಪುಟದಂತೆ ಓದಿ ಮುಗಿಸಿದೆ. ನನ್ನ ಇಂಗ್ಲಿಷೆಲ್ಲ ಆ ಕೈಪಿಡಿಯದು. ಇಂದಿಗೂ ಇಂಗ್ಲಿಷಿನಲ್ಲಿ ಊಟಕ್ಕೆ ಕರೆಯಲು ಬಾರದು, ಸೋರಿಕೆಯ ಪರೀಕ್ಷೆಯನ್ನು ವಿವರಿಸಬಲ್ಲೆ.

ಆಗ ನಮ್ಮಲ್ಲೊಂದು ಪದ್ಧತಿಯಿತ್ತು. ಸ್ಕೋಪ್ ಬಹಳ ಬೆಲೆಬಾಳುವ ವಸ್ತು. ಮದುವೆಗೆ ಬಂದ ಬೆಳ್ಳಿ ತಟ್ಟೆಯನ್ನು ಮನೆಯವರು ಹೇಗೆ ಜೋಪಾನ ಮಾಡುತ್ತಾರೋ ಹಾಗೆ, ಸಂಜೆ ತೊಳೆದಾದ ಮೇಲೆ ಅದನ್ನು ಸುರುಳಿ ಸುತ್ತಿ, ಕಂಪನಿಯಿಂದ ಬಂದ ಸ್ಪಂಜಿನ ಒಳಮೈಯ ಪೆಟ್ಟಿಗೆಯಲ್ಲಿ ಮಲಗಿಸಿ, ಬೀಗ ಹಾಕಿ, ಬೀಗದ ಕೈಯನ್ನು ಸಿಸ್ಟರ್ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಕೈಪಿಡಿಯಲ್ಲಿ ಆ ಪೆಟ್ಟಿಗೆ ಸಾಗಣೆಗೆ ಮಾತ್ರವೆಂದೂ, ಒಳಗಿನ ನೀರು ಇಳಿದು ಒಣಗುವಂತೆ ಸ್ಕೋಪನ್ನು ಉದ್ದಕ್ಕೆ ತೂಗುಹಾಕಬೇಕೆಂದೂ ಬರೆದಿತ್ತು. ಹೋಗಿ ಸಿಸ್ಟರ್‌ಗೆ ಹೇಳಿದೆ.

“ಮುನಿಸ್ವಾಮಿ, ಡಾಕ್ಟರ್ಸ್‌ಗೇ ಇಲ್ದಿರೋ ಡೌಟು ನಿಂಗ್ಯಾಕಪ್ಪಾ? ತೂಗ್ಹಾಕಿ ಕೆಳಗೆ ಬಿದ್ರೆ ನಿಮ್ಮಪ್ಪ ಬಂದು ಕೊಡಿಸ್ತಾರಾ?”

“ಬುಕ್ಕಲ್ಲಿ ಹಂಗೇ ಇದೆ ಸಿಸ್ಟರ್.”

“ಬುಕ್ಕು ಜಪಾನಿಂದು. ಪೆಟ್ಟಿಗೆ ನಂದು.”

ವಾದದಿಂದ ಸಿಸ್ಟರನ್ನು ಗೆಲ್ಲಲಾಗದು. ಹಾಗಾಗಿ ಒಂದು ಸಂಜೆ, ಅವರ ಕಣ್ಣೆದುರೇ, ತೊಳೆದ ಸ್ಕೋಪನ್ನು ಸಲೈನ್ ಸ್ಟ್ಯಾಂಡಿಗೆ ತೂಗುಹಾಕಿ ಕೆಳಗೊಂದು ಸ್ಟೀಲ್ ಬಟ್ಟಲಿಟ್ಟೆ. “ಇವತ್ತೊಂದಿನ ಸಿಸ್ಟರ್,” ಎಂದು ಬೇಡಿಕೊಂಡೆ. ಬೆಳಿಗ್ಗೆ ಬಟ್ಟಲಿನಲ್ಲಿ ಎರಡು ಚಮಚದಷ್ಟು ನೀರಿತ್ತು. ಅದನ್ನು ಹಾಗೆಯೇ ಅವರ ಮೇಜಿನ ಮೇಲಿಟ್ಟು ಹೇಳಿದೆ: “ದಿನಾ ಇದು ಪೆಟ್ಟಿಗೇಲಿರ್ತಿತ್ತು.” ಸಿಸ್ಟರ್ ಬಟ್ಟಲನ್ನೇ ನೋಡಿದರು. ನಂತರ ಎದ್ದು, ಬೆಡ್‌ಶೀಟ್‌ಗಳ ಬೀರುವನ್ನು ಖಾಲಿ ಮಾಡಿಸಿ, ಬಡಗಿಯನ್ನು ಕರೆಸಿ ಕೊಕ್ಕೆ ಹೊಡೆಸಿದರು. ನಾನು ಸರಿಯೆಂದು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೀರುವಿನ ಬೀಗದ ಕೈಯನ್ನು ನನಗೆ ಕೊಟ್ಟರು.

ಈ ಗೆಲುವು ನನ್ನ ತಲೆಗೇರಿತೆಂಬುದನ್ನೂ ಹೇಳಬೇಕು. ಅಲ್ಲಿಯವರೆಗೆ ಇದ್ದುದು ಮೇಲ್ತುದಿಗೆ ಕಣ್ಣಿಟ್ಟು ನೋಡುವ ಸ್ಕೋಪ್; ಅದೇ ವರ್ಷ ತುದಿಯಲ್ಲಿ ಕ್ಯಾಮೆರಾ ಇರುವ ಹೊಸ ವಿಡಿಯೊ ಸ್ಕೋಪ್ ಬಂತು. ಅದನ್ನು ನೀರಿಗಿಳಿಸುವ ಮೊದಲು ವಿದ್ಯುತ್ ಜೋಡಣೆಯ ತುದಿಗೆ ಒಂದು ಮುಚ್ಚಳ ತಿರುಗಿಸಿ ಬಿಗಿಯಬೇಕು. ಅದರ ಕೈಪಿಡಿಯನ್ನೂ ಬಾಯಿಪಾಠ ಮಾಡಿದ್ದ ನಾನು ಮೂರನೆಯ ವಾರ ಆ ಮುಚ್ಚಳವನ್ನೇ ಮರೆತೆ. ಸ್ಕೋಪ್ ನೀರು ಕುಡಿದು ಕುರುಡಾಯಿತು. ಫಿಲೋಮಿನಾ ಸಿಸ್ಟರ್ ಬಯ್ಯಲಿಲ್ಲ. “ಆ ಪೇಜ್ ಓದಿದ್ಯಲ್ಲಾ?” ಎಂದಷ್ಟೇ ಕೇಳಿದರು. ಓದುವುದು ಬೇರೆ, ಕೈಗೆ ಬರುವುದು ಬೇರೆ ಎಂದು ಅಂದು ಕಲಿತೆ. ಕಲಿತದ್ದು ಸಾಕಾಗಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ವಿಧಾನಗಳು ಬದಲಾಗುತ್ತ ಹೋದವು. ಮೊದಲು ತೆರೆದ ತೊಟ್ಟಿಯಲ್ಲಿ ದ್ರಾವಣ. ಅದರ ಘಾಟಿಗೆ ಕಣ್ಣು ಸುರಿಯುತ್ತಿತ್ತು, ಸಂಜೆ ಮನೆಗೆ ಹೋದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ತೊಳೆಯುವ ಯಂತ್ರ ಬಂತು. ಯಂತ್ರ ಬಂದ ದಿನ ಎಲ್ಲರೂ ಇನ್ನು ಬ್ರಶ್ಶು ಬೇಡವೆಂದರು. ಬ್ರಶ್ಶು ಬೇಕೇ ಬೇಕು. ಒಳಗೆ ಅಂಟಿರುವುದನ್ನು ಉಜ್ಜಿ ತೆಗೆಯದೆ ಯಂತ್ರಕ್ಕೆ ಹಾಕಿದರೆ ಕೊಳೆಯನ್ನು ಬೇಯಿಸಿದಂತಾಗುತ್ತದೆ. ಇದನ್ನು ನಾನು ಎಲ್ಲರೊಡನೆ ಜಗಳವಾಡಿ ಉಳಿಸಿಕೊಂಡೆ.

ಈಗ ಆ ಮೂರನೆಯ ಮಾತಿಗೆ ಬರುತ್ತೇನೆ. ಹೊಟ್ಟೆಯೊಳಗೆ ನೊರೆಯಿದ್ದರೆ ಕ್ಯಾಮೆರಾಕ್ಕೆ ಏನೂ ಕಾಣದು. ಹಸುಗೂಸುಗಳ ಹೊಟ್ಟೆಯುಬ್ಬರಕ್ಕೆ ಕೊಡುವ ಹನಿಗಳನ್ನು ಹಾಕಿದರೆ ನೊರೆ ಒಡೆಯುತ್ತದೆ. ನಮ್ಮ ಡಾ. ಅನಂತರಾಮ್ ಕೇಸಿನ ನಡುವೆ “ಡ್ರಾಪ್ಸ್, ಡ್ರಾಪ್ಸ್” ಎಂದು ಕೂಗುವರು. ಒಬ್ಬರು ಓಡಿಹೋಗಿ ಸಿರಿಂಜಿನಲ್ಲಿ ತರಬೇಕು. ಅಷ್ಟರಲ್ಲಿ ರೋಗಿಗೆ ಓಕರಿಕೆ. ನಾನು ಯೋಚಿಸಿದೆ: ಹೊಟ್ಟೆ ತೊಳೆಯಲು ಹೇಗೂ ಒಂದು ಬಾಟಲಿ ನೀರನ್ನು ಪಂಪಿನಿಂದ ಸ್ಕೋಪಿನ ನಳಿಕೆಯೊಳಗೆ ಹಾಯಿಸುತ್ತೇವೆ. ಬೆಳಿಗ್ಗೆಯೇ ಆ ಬಾಟಲಿಗೆ ಹನಿಗಳನ್ನು ಬೆರೆಸಿಟ್ಟರೆ? ಬೆರೆಸಿದೆ. ಮೊದಲ ಕ್ಷಣದಿಂದಲೇ ಪರದೆ ತಿಳಿಯಾಯಿತು.

“ಮುನಿಸ್ವಾಮಿ, ಸೂಪರ್ ಐಡಿಯಾ ಕಣ್ರೀ. ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಲ್ಲ?” ಎಂದರು ಡಾಕ್ಟರು.

ಅಂದಿನಿಂದ ಅದು ನಮ್ಮ ವಿಭಾಗದ ನಿಯಮವಾಯಿತು. ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದುದೇ ಅದನ್ನು. ಸುಮಾರು ಹತ್ತು ವರ್ಷ ಹೀಗೆ ನಡೆಯಿತು.

ಆ ಹೊಸಬರಲ್ಲಿ ಒಬ್ಬಳು ರೇಣುಕಾ. ಸಿಂಧನೂರಿನ ಕಡೆಯವಳು, ಗಂಡ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವವನು, ಕೆ.ಆರ್. ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಮಿತಭಾಷಿಯಾಗಿ ತೋರುವಳು, ಬಾಯಿ ತೆರೆದರೆ ಚುರುಕು. ಅವಳು ಬಂದ ವರ್ಷವೇ ತೀವ್ರನಿಗಾ ಘಟಕಕ್ಕೆ ಒಮ್ಮೆ ಬಳಸಿ ಎಸೆಯುವ ಸ್ಕೋಪ್ ಬಂತು. ಶ್ವಾಸಕೋಶ ನೋಡುವ ತೆಳ್ಳಗಿನದು, ಒಂದೊಂದೂ ಪ್ರತ್ಯೇಕ ಪೊಟ್ಟಣದಲ್ಲಿ. ಮೊದಲನೆಯದನ್ನು ಬಳಸಿದ ಮೇಲೆ ಯಾರೋ ಅದನ್ನು ತಂದು ನಮ್ಮ ತೊಟ್ಟಿಯ ಪಕ್ಕದಲ್ಲಿಟ್ಟು ಹೋದರು. ಕೈ ತನ್ನ ಕೆಲಸ ಮಾಡಿತು. ಗಾಳಿ ತುಂಬಿ ತೂತು ಹುಡುಕುವ ಸೋರಿಕೆ ಪರೀಕ್ಷೆಗೆ ಜೋಡಣೆ ಸಿಗದೆ ಕಂಪನಿಯನ್ನು ಬಯ್ದುಕೊಂಡು, ಬ್ರಶ್ಶಾಡಿಸಿ, ತೊಳೆದು, ಒಣಗಿಸಿ, ಬೀರುವಿನಲ್ಲಿ ತೂಗುಹಾಕಿದೆ. ಬೆಳಿಗ್ಗೆ ರೇಣುಕಾ ಬೀರು ತೆರೆದು ನೋಡಿ ಹೇಳಿದಳು:

“ಕಾಕಾ, ಉಂಡ ಎಲಿ ತೊಳ್ದು ಗೋಡಿಗಿ ಒಣಾ ಹಾಕೀರಲ್ರಿ.”

ವಿಭಾಗವೆಲ್ಲ ವಾರವಿಡೀ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೊಳಗೆ ಹೆದರಿದ್ದೆ. ಅದು ತೊಳೆಯುವುದಕ್ಕೆಂದು ಮಾಡಿದ ವಸ್ತುವಲ್ಲ. ಬೀರುವಿನಲ್ಲಿ ಇದ್ದುದನ್ನು ಯಾರಾದರೂ ಆತುರದಲ್ಲಿ ಒಯ್ದು ಇನ್ನೊಬ್ಬರಿಗೆ ಹಾಕಿದ್ದರೆ? ಹೊಸ ವಸ್ತುವನ್ನು ಹಳೆಯ ಕೈಯಿಂದ ಮುಟ್ಟುವಾಗ ಕೈಯನ್ನು ನಂಬಬಾರದು. ಅಂದಿನಿಂದ ಬಳಸಿದ ಕೂಡಲೇ ಹಾಸಿಗೆಯ ಪಕ್ಕದಲ್ಲಿಯೇ ಅದನ್ನು ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಬೇಕೆಂದು ಬರೆದು ಅಂಟಿಸಿದೆ.

ನಿವೃತ್ತಿಗೆ ಮೂರೂವರೆ ತಿಂಗಳಿರುವಾಗ ಹಬೀಬುನ್ನಿಸಾ ಎಂಬ ಶಿವಾಜಿನಗರದ ಹಿರಿಯ ಹೆಂಗಸು ಬಂದರು. ಮನೆಯವರು ಬಟ್ಟೆ ವ್ಯಾಪಾರಿಗಳು. ಪಿತ್ತನಾಳದಲ್ಲಿ ಕಲ್ಲು. ಡಾ. ಅನಂತರಾಮ್ ಮಂಗಳವಾರ ಸ್ಕೋಪ್ ಇಳಿಸಿ ಕಲ್ಲು ತೆಗೆದರು. ಎಲ್ಲವೂ ಸರಿಯಾಗಿ ಆಯಿತು. ಗುರುವಾರ ಆಕೆಗೆ ನಡುಕ ಬರುವಂಥ ಜ್ವರ. ಶುಕ್ರವಾರ ತೀವ್ರನಿಗಾ ಘಟಕ. ರಕ್ತದಲ್ಲಿ ಸಿಕ್ಕ ರೋಗಾಣು, ಎರಡು ವಾರದ ಹಿಂದೆ ಇದೇ ಚಿಕಿತ್ಸೆಯಾಗಿ ಜ್ವರ ಬಂದು ಗುಣವಾಗಿ ಹೋಗಿದ್ದ ಇನ್ನೊಬ್ಬರಲ್ಲಿಯೂ ಇದ್ದದ್ದೇ. ಇಬ್ಬರಿಗೂ ಬಳಸಿದ್ದು ಒಂದೇ ಸ್ಕೋಪ್. ಪ್ರಯೋಗಾಲಯದ ಡಾ. ಶೈಲಾ ಆ ಸ್ಕೋಪಿನ ನಳಿಕೆಯಿಂದ ಮಾದರಿ ತೆಗೆದು ಬೆಳೆಸಿದರು. ಅದೇ ರೋಗಾಣು ಬೆಳೆಯಿತು.

ಎರಡೂ ಸಲ ಆ ಸ್ಕೋಪನ್ನು ತೊಳೆದು ಪುಸ್ತಕದಲ್ಲಿ ಸಹಿ ಹಾಕಿದ್ದವಳು ರೇಣುಕಾ.

ಸೋಮವಾರ ಆಡಳಿತಾಧಿಕಾರಿಗಳ ಕೋಣೆಯಲ್ಲಿ ಸಭೆ. ಅಲ್ಲಿಗೆ ಒಮ್ಮೆ ಬಳಸುವ ಸ್ಕೋಪಿನ ಮಾರಾಟ ಪ್ರತಿನಿಧಿಯನ್ನೂ ಕರೆಸಿದ್ದರು. ರೇಣುಕಾಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

“ಹುಡುಗಿ ಎಲ್ಲೋ ಸ್ಟೆಪ್ ಬಿಟ್ಟಿದ್ದಾಳೆ. ಅವಳನ್ನ ಕಳಿಸ್ಬಿಡೋಣ, ವಿಷ್ಯ ಮುಗೀತದೆ,” ಎಂದರು ಆಡಳಿತಾಧಿಕಾರಿ.

“ಬಿಟ್ಟಿದ್ದನ್ನ ಯಾರು ನೋಡಿದ್ರು ಸಾರ್?” ಎಂದೆ.

“ಸೈನ್ ಇದೆಯಲ್ಲ ಮುನಿಸ್ವಾಮಿ?”

“ಸೈನ್ ಇರೋದು ತೊಳ್ದಿದ್ದೀನಿ ಅಂತ ಸಾರ್. ತಪ್ಪಾಗಿ ತೊಳ್ದಿದ್ದೀನಿ ಅಂತ ಅಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾ. ಅನಂತರಾಮ್ ನನ್ನ ಕಡೆಗೊಮ್ಮೆ ನೋಡಿ, “ಅವ್ರು ಹೇಳೋದ್ರಲ್ಲಿ ಪಾಯಿಂಟ್ ಇದೆ. ಒಂದ್ವಾರ ಟೈಮ್ ಕೊಡಿ,” ಎಂದರು. ಒಂದು ವಾರ ಸಿಕ್ಕಿತು. ಅಷ್ಟರವರೆಗೆ ಆ ಸ್ಕೋಪನ್ನು ಬದಿಗಿಡಬೇಕು, ರೇಣುಕಾ ತೊಟ್ಟಿಯ ಹತ್ತಿರ ಹೋಗಕೂಡದು.

ಹೊರಗೆ ಬಂದರೆ ಅವಳು ಕೆಲಸದ ವಿಷಯ ಕೇಳಲೇ ಇಲ್ಲ. “ಆ ಅಮ್ಮ ಹೆಂಗ ಅದಾರ್ರಿ?” ಎಂದಳು. ಇನ್ನೂ ಐಸಿಯುನಲ್ಲಿದ್ದಾರೆ ಎಂದೆ. ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತ ಕೇಳಿದಳು: “ನನ್ನ ಕೈಲೇ ಹಿಂಗ ಆತೇನ್ರಿ ಕಾಕಾ? ಖರೇನ ಹೇಳ್ರಿ. ನೌಕ್ರಿ ಹೋದ್ರ ಹೋಗ್ಲಿ, ಇದೊಂದು ಹೇಳ್ರಿ.”

ಹೌದೆನ್ನಲು ನನ್ನಲ್ಲಿ ಆಧಾರವಿರಲಿಲ್ಲ, ಅಲ್ಲವೆನ್ನಲೂ ಇರಲಿಲ್ಲ. “ಗೊತ್ತಿಲ್ಲಮ್ಮ. ಗೊತ್ತು ಮಾಡ್ಕೊಳ್ಳೋಣ,” ಎಂದೆ.

ಮರುದಿನ ಡಾ. ಶೈಲಾ ಅವರನ್ನು ತೊಳೆಯುವ ಕೋಣೆಗೆ ಕರೆತಂದು, ಕೈಪಿಡಿಯ ಹಂತಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಅವರ ಮುಂದೆಯೇ ಆ ಸ್ಕೋಪನ್ನು ನಾನು ತೊಳೆದೆ. ಒಂದು ಹಂತ ಮುಗಿದಾಗ ಅವರು ಗುರುತು ಹಾಕುವರು, ಆಮೇಲೆ ನಾನು ಮುಂದಿನದಕ್ಕೆ ಕೈ ಹಾಕುವೆ. ಹೊಸ ಬ್ರಶ್ಶು, ಹೊಸ ದ್ರಾವಣ. ಗಾಳಿ ಹಾಯಿಸಿ ಒಣಗಿಸಿದ್ದೂ ಆಯಿತು. ಅವರೇ ಮಾದರಿ ತೆಗೆದುಕೊಂಡು ಹೋದರು. ಎರಡು ದಿನದ ಮೇಲೆ ಫೋನು ಮಾಡಿದರು.

“ಮುನಿಸ್ವಾಮಿಯವರೇ, ಮತ್ತೆ ಅದೇ ಬೆಳೆದಿದೆ.”

ಇಂಥ ಸುದ್ದಿಯಿಂದ ಸಂತೋಷವಾಗುವುದು ವಿಚಿತ್ರ. ಆದರೂ ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ರೇಣುಕಾಳ ಬಳಿಗೆ ಹೋದೆ. “ನಾನ್ ತೊಳೆದ್ರೂ ಹೋಗಿಲ್ಲ. ನಿನ್ನ ಕೈದಲ್ಲ ತಪ್ಪು,” ಎಂದೆ. ಅವಳು ಗ್ಲೂಕೋಸ್ ಬಾಟಲಿಗಳ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, “ನೀವು ತೊಳ್ದ್ರೂ ಹೋಗಿಲ್ಲಂದ್ರ, ನೀವೂ ನನ್ನಂಗ ಅದೀರಿ,” ಎಂದಳು. ಅದು ಸಮಾಧಾನವೋ ಕುಟುಕೋ ತಿಳಿಯಲಿಲ್ಲ.

ಫಲಿತಾಂಶ ತಿಳಿದ ಮಾರಾಟ ಪ್ರತಿನಿಧಿ ಆ ಸಂಜೆಯೇ ಬಂದ. “ನೋಡಿ ಸಾರ್, ಮೂವತ್ಮೂರು ವರ್ಷ ಎಕ್ಸ್‌ಪೀರಿಯನ್ಸ್ ಇರೋರ ಕೈಲೇ ಕ್ಲೀನ್ ಆಗ್ಲಿಲ್ಲ. ಮತ್ತೆ ಬಳಸೋ ಸ್ಕೋಪೇ ಪ್ರಾಬ್ಲಮ್ಮು. ನಮ್ಮದ್ರಲ್ಲಿ ರಿಸ್ಕು ಜೀರೋ.” ಆಡಳಿತಾಧಿಕಾರಿ ತಲೆಯಾಡಿಸಿದರು. ಆತ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆ ಸ್ಕೋಪಿನ ತುದಿಯ ಸಣ್ಣ ಸನ್ನೆಗೋಲಿನಂಥ ಭಾಗದ ಸಂದುಗಳನ್ನು ತೊಳೆಯುವುದು ಎಂಥ ಕಷ್ಟವೆಂದು ನನ್ನಷ್ಟು ಬಲ್ಲವರು ಕಡಿಮೆ. ಆದರೆ ಅದೇ ಮಾದರಿಯ ನಮ್ಮ ಇನ್ನೊಂದು ಸ್ಕೋಪಿನಲ್ಲಿ ಏನೂ ಬೆಳೆದಿರಲಿಲ್ಲ. ತೊಳೆಯುವ ಕೈಗಳು ಅವೇ, ತೊಟ್ಟಿಯೂ ಅದೇ. ಆ ಎರಡನೆಯದು ಮೂರು ತಿಂಗಳ ಹಿಂದೆ ರಿಪೇರಿಗೆ ಹೋಗಿ ಒಳನಳಿಕೆ ಬದಲಾಯಿಸಿಕೊಂಡು ಬಂದದ್ದು. ಹಾಗಾದರೆ ಹಳೆಯ ನಳಿಕೆಯ ಒಳಗೆ ಏನಿದೆ? ಹೊರಗೆ ನಿಂತು ಊಹಿಸುವುದಕ್ಕಿಂತ ಒಳಗೆ ನೋಡುವುದು ಮೇಲು ಎಂದೆ. ಸ್ಕೋಪುಗಳನ್ನು ರಿಪೇರಿ ಮಾಡುವ ಎಂಜಿನಿಯರ್ ಬಳಿ ನಳಿಕೆಯೊಳಗೆ ತೂರಿಸುವ ಕೂದಲೆಳೆಯಂಥ ಕ್ಯಾಮೆರಾ ಇರುತ್ತದೆ. ಡಾಕ್ಟರು ಆತನನ್ನು ಶನಿವಾರ ಬೆಳಿಗ್ಗೆ ಕರೆಸಿದರು.

ಮೂವತ್ತಮೂರು ವರ್ಷ ತೊಳೆದ ಜಾಗವನ್ನು ನಾನು ಕಣ್ಣಾರೆ ನೋಡಿದ್ದು ಅಂದೇ ಮೊದಲು. ಪರದೆಯ ಮೇಲೆ ಉದ್ದನೆಯ ಬಿಳಿ ಸುರಂಗ. ಅಲ್ಲಲ್ಲಿ ಗೀಚಿದ ಗುರುತು. ಗೋಡೆಗಳ ಮೇಲೆ ಅಂಟಿಕೊಂಡು, ಮಂಜಿನ ಹನಿಗಳಂತೆ ಮಸುಕು ಬಿಳುಪಿನ ತೊಟ್ಟುಗಳು. ಒಂದಲ್ಲ ಎರಡಲ್ಲ, ಸಾಲು ಸಾಲು. ಆ ಸ್ಕೋಪ್ ಒಣಗಿ ನಾಲ್ಕು ದಿನವಾಗಿತ್ತು.

“ಇದು ನೀರಲ್ಲ,” ಎಂದ ಎಂಜಿನಿಯರ್. “ನೀರಾಗಿದ್ರೆ ಒಣಗ್ತಿತ್ತು. ಎಣ್ಣೆ ತರದ್ದು, ಸಿಲಿಕೋನ್. ವಾಟರ್ ಬಾಟಲ್‌ಗೆ ಏನಾದ್ರೂ ಮಿಕ್ಸ್ ಮಾಡ್ತೀರಾ?”

ಕೋಣೆಯಲ್ಲಿ ಡಾ. ಅನಂತರಾಮ್, ಡಾ. ಶೈಲಾ, ಆಡಳಿತಾಧಿಕಾರಿ, ರೇಣುಕಾ ಮತ್ತು ನಾನು. ಪ್ರಶ್ನೆ ಮುಗಿಯುವ ಮೊದಲೇ ನನಗೆ ಉತ್ತರ ತಿಳಿದಿತ್ತು. ನಿವೃತ್ತಿಗೆ ಮೂರು ತಿಂಗಳಿತ್ತು. ನಾನು ನಾಲ್ಕೈದು ಕ್ಷಣ ಸುಮ್ಮನಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಆ ನಾಲ್ಕೈದು ಕ್ಷಣದಲ್ಲಿ ರೇಣುಕಾ ಬಾಯಿ ತೆರೆದಳು.

“ಡ್ರಾಪ್ಸ್ ಹಾಕ್ತೀವ್ರಿ. ದಿನಾ ಮುಂಜಾನಿ ನಾನೇ ಹಾಕ್ತೀನಿ.”

ಅಷ್ಟೇ. ಯಾರು ಕಲಿಸಿದರೆಂದು ಅವಳು ಹೇಳಲಿಲ್ಲ. ಆಡಳಿತಾಧಿಕಾರಿ ಅವಳ ಕಡೆಗೆ ತಿರುಗುವುದನ್ನು ಕಂಡೆ.

“ಹಾಕೋದು ಅವಳು ಸಾರ್. ಹಾಕು ಅಂತ ಹೇಳ್ಕೊಟ್ಟಿದ್ದು ನಾನು. ಅವಳು ಈ ಆಸ್ಪತ್ರೆಗೆ ಬರೋ ಮುಂಚಿಂದ ಹಾಕ್ತಿದ್ದೀವಿ. ಯಾವ ಬುಕ್ಕಲ್ಲೂ ಇಲ್ಲ. ನನ್ನ ತಲೇಲಿ ಹುಟ್ಟಿದ್ದು.”

ಡಾ. ಅನಂತರಾಮ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಸೂಪರ್ ಅಂದಿದ್ದು ನಾನು. ಮೆಮೋ ಕೊಡೋದಾದ್ರೆ ಇಬ್ರಿಗೂ ಕೊಡಿ.”

ಯಾವ ಯಾವುದನ್ನೋ ಸಂಶಯಿಸಿ ಬಟ್ಟಲಿಟ್ಟು ಪರೀಕ್ಷಿಸಿದ್ದ ನಾನು ನನ್ನ ಹನಿಗಳನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ಮಧ್ಯಾಹ್ನ ಹೊಸ ಸ್ಕೋಪುಗಳ ಜೊತೆ ಬಂದಿದ್ದ ಹೊಸ ಕೈಪಿಡಿಯನ್ನು ಕಪಾಟಿನಿಂದ ತೆಗೆದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಹರಿದಿರಲಿಲ್ಲ. ಇಂಥ ಸಿಲಿಕೋನ್ ಹನಿಗಳು ನೀರಿನಲ್ಲಿ ಕರಗವು, ತೊಳೆದರೂ ನಳಿಕೆಯಲ್ಲಿ ಉಳಿಯಬಹುದು ಎಂಬ ಎಚ್ಚರಿಕೆ ಅದರಲ್ಲಿ ಇದ್ದೇ ಇತ್ತು. ಹಳೆಯ ಪುಸ್ತಕ ಬಾಯಿಗೆ ಬರುತ್ತಿದ್ದ ಹೆಮ್ಮೆಯಲ್ಲಿ ನಾನು ಹೊಸದನ್ನು ತೆರೆದಿರಲಿಲ್ಲ. ಕಿರಿಯರಿಗೆ ನನ್ನ ಸಲಹೆಗಳು ಹೆಚ್ಚಿಲ್ಲ, ಇದೊಂದನ್ನು ಮರೆಯಬೇಡಿ. ನೀವು ಓದಿದ್ದು ಯಾವ ಆವೃತ್ತಿ ಎಂದು ನೋಡಿಕೊಳ್ಳಿ.

ಡಾ. ಶೈಲಾ ನ್ಯಾಯವಾಗಿ ಮಾತಾಡುವವರು. ಆ ಹನಿಗಳೊಂದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ನಳಿಕೆಯ ಗೀರುಗಳಿಗೂ ಪಾಲಿದೆ, ತೇವ ಹಿಡಿದಿಟ್ಟುಕೊಳ್ಳುವ ಪದರದಡಿ ರೋಗಾಣು ಅಡಗಿರುವ ಸಾಧ್ಯತೆ ಹೆಚ್ಚು ಎಂದರು. ಹತ್ತು ವರ್ಷದಲ್ಲಿ ಇನ್ನಾರಿಗೂ ಹೀಗಾಗಿರಲಿಲ್ಲವೇ, ಅಥವಾ ನಾವು ನೋಡಿರಲಿಲ್ಲವೇ ಎಂದು ನಾನು ಕೇಳಿದೆ. ಈ ಪ್ರಶ್ನೆಯನ್ನು ಇಂದಿಗೂ ಕೇಳಿಕೊಳ್ಳುತ್ತೇನೆ.

ಬಾಟಲಿಗೆ ಹನಿ ಹಾಕುವುದು ಅಂದೇ ನಿಂತಿತು. ಬೇಕಾದಾಗ ಬೇಕಾದಷ್ಟೇ ಸಿರಿಂಜಿನಲ್ಲಿ ಕೊಡುವ ಹಳೆಯ ಕ್ರಮ ಮರಳಿತು, ಕೂಗಾಟವೂ ಮರಳಿತು. ಸ್ಕೋಪಿನ ನಳಿಕೆ ಬದಲಾಯಿಸಲು ಕಳಿಸಿದರು. ಅದು ಬರುವವರೆಗೆ, ದೇಹದ ಪ್ರತಿರೋಧ ಕುಗ್ಗಿದ ಪಿತ್ತನಾಳದ ರೋಗಿಗಳಿಗೆ ಅದೇ ಕೆಲಸಕ್ಕೆ ಮಾಡಿದ, ಒಮ್ಮೆ ಬಳಸುವ ಸ್ಕೋಪನ್ನೇ ಬಳಸಿದರು. ಅದನ್ನು ಹಳದಿ ಚೀಲಕ್ಕೆ ಹಾಕುವಾಗ ನನಗೆ ಹಗುರವೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಮುಂದಿನ ರೋಗಿಗೆ ನಾನು ಉತ್ತರಿಸಬೇಕಿಲ್ಲವಲ್ಲ. ಚೀಲ ತುಂಬಿದಾಗ ಇನ್ನೊಂದು ಯೋಚನೆಯೂ ಬಂತು. ದಿನವಿಡೀ ಹೊಟ್ಟೆ ನೋಡಿಸಿಕೊಳ್ಳಲು ಸಾಲುಗಟ್ಟಿ ಕೂರುವವರಿಗೆಲ್ಲ ಹೀಗೆ ದೀಪ, ಕ್ಯಾಮೆರಾ, ತಂತಿಗಳನ್ನು ಒಂದೊಂದು ಸಲಕ್ಕೇ ಎಸೆಯುತ್ತ ಹೋದರೆ ಆ ರಾಶಿ ಯಾರ ಊರಿನ ಪಕ್ಕಕ್ಕೆ ಹೋಗುತ್ತದೆ? ತೀವ್ರನಿಗಾ ಘಟಕದಲ್ಲಿ, ತೊಳೆಯುವವರಿಲ್ಲದ ಹೊತ್ತಿನಲ್ಲಿ, ಸೋಂಕು ತಾಳಲಾರದ ದೇಹಗಳಿಗೆ ಅದು ಬೇಕು. ಉಳಿದವರಿಗೆ ಚೆನ್ನಾಗಿ ತೊಳೆದು ಒಣಗಿಸಿದ, ಒಳಗನ್ನು ಆಗಾಗ ಕಣ್ಣಿಟ್ಟು ನೋಡಿದ ಸ್ಕೋಪ್ ಸಾಕು. ಯಾವುದರಲ್ಲಿಯೂ ಅಪಾಯ ಸೊನ್ನೆಯಲ್ಲ. ಸೊನ್ನೆ ಎನ್ನುವವರನ್ನು ನಂಬಬೇಡಿ, ಅವರು ಮಾರುವವರಾಗಿರಲಿ, ನನ್ನಂಥ ಹಳಬರಾಗಿರಲಿ.

ನನಗೆ ಮೆಮೋ ಬಂತು. ಅದನ್ನು ಕೈಗೆ ತೆಗೆದುಕೊಂಡಾಗ ಆದ ನೆಮ್ಮದಿಯನ್ನು ಯಾರಿಗೂ ವಿವರಿಸಲಾರೆ. ಅದರಲ್ಲಿ ರೇಣುಕಾಳ ಹೆಸರಿರಲಿಲ್ಲ.

ಹಬೀಬುನ್ನಿಸಾ ಅಷ್ಟರಲ್ಲಿ ವಾರ್ಡಿಗೆ ಬಂದಿದ್ದರು. ಆದದ್ದನ್ನು ಅವರಿಗೆ ಹೇಳಬೇಕೆಂದು ಡಾ. ಅನಂತರಾಮ್ ನಿರ್ಧರಿಸಿ, “ನಾನ್ ಹೇಳ್ತೀನಿ. ನೀವಿಬ್ರೂ ಬನ್ನಿ,” ಎಂದರು. ಆಕೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದರು. ಮಗ ಪಕ್ಕದಲ್ಲಿ ನಿಂತಿದ್ದ. ಡಾಕ್ಟರು ಸುತ್ತಿಬಳಸದೆ ಹೇಳಿದರು: ಸ್ಕೋಪಿನಿಂದಲೇ ಜ್ವರ ಬಂದಿರುವ ಸಾಧ್ಯತೆ ಹೆಚ್ಚು, ನಮ್ಮ ಪದ್ಧತಿಯಲ್ಲಿ ತಪ್ಪಿತ್ತು, ಸರಿಪಡಿಸಿದ್ದೇವೆ, ಕ್ಷಮಿಸಬೇಕು. ಮಗನ ದವಡೆ ಬಿಗಿಯಿತು. ತಾಯಿ ಅವನ ಮಣಿಕಟ್ಟು ಹಿಡಿದು ಸುಮ್ಮನಾಗಿಸಿದರು. ಬಾಗಿಲ ಬಳಿ ರೇಣುಕಾ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಕೈಕು ರೋರಿ ಬೇಟಿ?” ಎಂದರು ಆಕೆ. “ಇಲ್ಲಿ ಬಾ. ಅಳ್ಬೇಕಾದೋಳು ನಾನು. ನೀನು ಮಾಡಿದ್ದಾ?”

“ಅವಳಲ್ಲ ಅಮ್ಮ. ನಾನು,” ಎಂದೆ. “ನೀರಿಗೆ ಔಷಧಿ ಹಾಕೋದು ನಾನ್ ಕಲಿಸಿದ್ದು.”

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನರೆತ ಕೂದಲು, ಕೈಯಲ್ಲಿನ ಕೈಗವಸು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಂಡಿತು.

“ನಿಮ್ದು ನೌಕರಿ ಇನ್ನಾ ಎಷ್ಟು ದಿನ ಇದೆ?”

“ಮೂರು ತಿಂಗಳು ಅಮ್ಮ.”

“ಅಲ್ಲಾ ಕಾ ಶುಕರ್,” ಎಂದರು ಹಬೀಬುನ್ನಿಸಾ, ದೇವರಿಗೆ ಕೃತಜ್ಞತೆ ಹೇಳುತ್ತ ಕಣ್ಣು ಮೇಲೆತ್ತಿ.

ಮೊದಲು ನಕ್ಕದ್ದು ಡಾಕ್ಟರು. ಆಮೇಲೆ ಮಗನ ಮುಖವೂ ಸಡಿಲವಾಯಿತು. ಹನ್ನೆರಡು ದಿನಗಳಿಂದ ಮುಖ ಗಂಟಿಕ್ಕಿಕೊಂಡಿದ್ದ ರೇಣುಕಾ ಸೆರಗು ಬಾಯಿಗೊತ್ತಿ ನಕ್ಕಳು; ನಂತರ ಹಾಸಿಗೆಯ ಬಳಿಗೆ ಬಂದು, ಆ ಹಿರಿಯಾಕೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಹೇಳಿದಳು:

“ನೀವು ಚಿಂತಿ ಮಾಡಬ್ಯಾಡ್ರಿ ಅಮ್ಮ. ಆ ಮೂರು ತಿಂಗಳು ಇವ್ರ ಮ್ಯಾಲ ನಾ ಕಣ್ಣಿಡ್ತೀನಿ.”

ಹಾಗೆಯೇ ಮಾಡಿದಳು. ಆಸ್ಪತ್ರೆ ಆ ಕೂದಲೆಳೆಯ ಕ್ಯಾಮೆರಾ ಒಂದನ್ನು ತರಿಸಿತು. ಅದನ್ನು ಹಿಡಿಯುವುದನ್ನು ಮೊದಲು ಕಲಿತವಳು ಅವಳೇ. ನಾನು ತೊಳೆದ ಒಂದೊಂದು ಸ್ಕೋಪಿನ ಒಳಗನ್ನೂ ಅವಳು ತುದಿಯಿಂದ ತುದಿಗೆ ನೋಡುವಳು. ನಾನು ಒದ್ದೆಕೈಯಲ್ಲಿ ಪಕ್ಕಕ್ಕೆ ನಿಂತು ಕಾಯುವೆ. “ಹ್ಞೂಂ, ತೂಗ್ಹಾಕ್ರಿ,” ಎಂದು ಅವಳು ಹೇಳಿದ ಮೇಲೆಯೇ ಬೀರುವಿನ ಬಾಗಿಲು ತೆರೆಯುವೆ. ಎರಡು ಸಲ, “ಇದು ಆಗಿಲ್ರಿ, ಮತ್ತ ತೊಳೀರಿ,” ಎಂದಳು. ಮರುಮಾತಾಡದೆ ಮತ್ತೆ ತೊಳೆದೆ.